ಕಣ್ಣಿನ ಪೊರೆ ಶಸ್ತ್ರಚಿಕಿತ್ಸೆ: ಮನೆಗೆ ಮರಳಿದ ನಂತರದ ಅಪಾಯಗಳು

ಕಣ್ಣಿನೊಳಗಿನ ಮಸೂರವು ತನ್ನ ಪಾರದರ್ಶಕತೆಯನ್ನು ಕಳೆದುಕೊಂಡು ಮಂಜಾಗುವುದನ್ನು ಪೊರೆ ಎನ್ನುತ್ತಾರೆ. ಕಣ್ಣಿನ ಹನಿಗಳಿಂದಾಗಲಿ, ಪಥ್ಯದಿಂದಾಗಲಿ, ಸೊಪ್ಪಿನ ರಸದಿಂದಾಗಲಿ ಅದು ಕರಗುವುದಿಲ್ಲ. ಮಂಜಾದ ಮಸೂರವನ್ನು ತೆಗೆದು ಅದರ ಸ್ಥಾನದಲ್ಲಿ ಕೃತಕ ಮಸೂರವನ್ನು ಕೂರಿಸುವುದೊಂದೇ ಪರಿಹಾರ. ಇಂದು ಈ ಕೆಲಸ ಅರ್ಧ ಗಂಟೆಗೂ ಕಡಿಮೆ ಅವಧಿಯಲ್ಲಿ ಮುಗಿಯುತ್ತದೆ. ರೋಗಿ ಬಹುಪಾಲು ಅದೇ ದಿನ ಅಥವಾ ಮರುದಿನ ಮನೆ ಸೇರುತ್ತಾನೆ. ವೈದ್ಯವಿಜ್ಞಾನದ ಅತ್ಯಂತ ಸುರಕ್ಷಿತ ಶಸ್ತ್ರಚಿಕಿತ್ಸೆಗಳಲ್ಲಿ ಇದೂ ಒಂದು ಎಂಬುದರಲ್ಲಿ ಅನುಮಾನವಿಲ್ಲ.

ಆದರೆ ಸುರಕ್ಷಿತ ಎಂಬ ಮಾತಿಗೆ ಅಪಾಯವೇ ಇಲ್ಲ ಎಂಬ ಅರ್ಥವಿಲ್ಲ. ಭಾರತದಲ್ಲಿ 2015ರಿಂದ 2019ರವರೆಗೆ ನಡೆದ ರಾಷ್ಟ್ರೀಯ ಅಂಧತ್ವ ಸಮೀಕ್ಷೆಯ ಪ್ರಕಾರ 50 ವರ್ಷ ಮೀರಿದವರ ಅಂಧತ್ವಕ್ಕೆ ಶೇ. 66.2ರಷ್ಟು ಪ್ರಕರಣಗಳಲ್ಲಿ ಪೊರೆಯೇ ಕಾರಣ. ಅದೇ ಸಮೀಕ್ಷೆಯಲ್ಲಿ ಶೇ. 7.2ರಷ್ಟು ಅಂಧತ್ವಕ್ಕೆ ಪೊರೆ ಶಸ್ತ್ರಚಿಕಿತ್ಸೆಯ ತೊಡಕುಗಳು ಕಾರಣವೆಂದು ದಾಖಲಾಗಿದೆ. ಈ ಪ್ರಮಾಣ ಗ್ಲಾಕೋಮಾದ ಪಾಲಿಗಿಂತ ಹೆಚ್ಚು. ಶಸ್ತ್ರಚಿಕಿತ್ಸೆಯನ್ನು ಮುಂದೂಡಲು ಇದು ಕಾರಣವಾಗಬಾರದು. ಪೊರೆಯನ್ನು ಹಾಗೆಯೇ ಬಿಟ್ಟು ಕುರುಡಾದವರು ಅದರ ಒಂಬತ್ತು ಪಟ್ಟು ಇದ್ದಾರೆ. ಆದರೆ ತೊಡಕುಗಳು ಯಾವುವು, ಅವು ಯಾವಾಗ ಬರುತ್ತವೆ ಎಂಬುದನ್ನು ರೋಗಿಯೂ ಮನೆಯವರೂ ತಿಳಿದಿರಬೇಕಾದ ಅಗತ್ಯವನ್ನು ಈ ಅಂಕಿ ಹೇಳುತ್ತದೆ.

ಶಿವಮೊಗ್ಗ ಮತ್ತು ಭದ್ರಾವತಿಯ ಮಟ್ಟಿಗೆ ಈ ತಿಳಿವಳಿಕೆಗೆ ವಿಶೇಷ ಮಹತ್ವವಿದೆ. ಶಿವಮೊಗ್ಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗೆ ಸೇರಿದ ಮೆಗ್ಗಾನ್ ಬೋಧನಾ ಆಸ್ಪತ್ರೆ, ಹರಕೆರೆಯ ಶಂಕರ ಕಣ್ಣಿನ ಆಸ್ಪತ್ರೆ ಮತ್ತು ಹಲವು ಖಾಸಗಿ ನೇತ್ರಾಲಯಗಳು ಇರುವುದರಿಂದ ಸುತ್ತಲಿನ ತಾಲ್ಲೂಕುಗಳ ಜನ ಕಣ್ಣಿನ ಚಿಕಿತ್ಸೆಗಾಗಿ ಶಿವಮೊಗ್ಗ ನಗರಕ್ಕೇ ಬರುತ್ತಾರೆ. ಭದ್ರಾವತಿಯವರಿಗೆ ಅದು ಇಪ್ಪತ್ತು ಕಿಲೋಮೀಟರಿನೊಳಗಿನ ಹಾದಿ. ಹೊಸನಗರ, ಸೊರಬದ ಒಳಹಳ್ಳಿಗಳವರಿಗೆ ಅದು ಅರ್ಧ ದಿನದ ಪ್ರಯಾಣ. ಪೊರೆ ಶಸ್ತ್ರಚಿಕಿತ್ಸೆಯ ಅತ್ಯಂತ ಘೋರ ತೊಡಕು ಕಾಣಿಸಿಕೊಳ್ಳುವುದು ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಅಲ್ಲ, ರೋಗಿ ಮನೆಗೆ ಮರಳಿದ ಎರಡನೆಯ ದಿನದಿಂದ ಏಳನೆಯ ದಿನದೊಳಗೆ. ಆಗ ಆತನ ಬಳಿ ವೈದ್ಯರಿರುವುದಿಲ್ಲ. ಮಗಳೋ ಸೊಸೆಯೋ ನೆರೆಮನೆಯವರೋ ಇರುತ್ತಾರೆ.

ಕಣ್ಣೊಳಗಿನ ಸೋಂಕು

ಈ ಘೋರ ತೊಡಕಿನ ಹೆಸರು ಎಂಡಾಫ್ತಾಲ್ಮೈಟಿಸ್. ಕಣ್ಣುಗುಡ್ಡೆಯ ಒಳಭಾಗಕ್ಕೆ ಬ್ಯಾಕ್ಟೀರಿಯಾ ಅಥವಾ ಶಿಲೀಂಧ್ರ ಸೇರಿ ಅಲ್ಲಿ ಕೀವಾಗುವ ಸ್ಥಿತಿ ಇದು. ಸೋಂಕು ಬಹಳ ಸಲ ಬರುವುದು ರೋಗಿಯ ಸ್ವಂತ ರೆಪ್ಪೆಯ ಅಂಚಿನಲ್ಲಿಯೂ ಕಣ್ಣಿನ ಹೊರಪದರದಲ್ಲಿಯೂ ಸದಾ ವಾಸಿಸುವ ಸೂಕ್ಷ್ಮಜೀವಿಗಳಿಂದಲೇ. ಕೆಲವು ಸಲ ಉಪಕರಣದಿಂದ, ಕಣ್ಣು ತೊಳೆಯುವ ದ್ರಾವಣದಿಂದ, ಒಳಗೆ ತುಂಬುವ ಜೆಲ್‌ನಿಂದ ಬರುತ್ತದೆ. ಸುಸಜ್ಜಿತ ಆಸ್ಪತ್ರೆಗಳಲ್ಲಿ ಸಾವಿರಕ್ಕೆ ಒಂದಕ್ಕಿಂತಲೂ ಕಡಿಮೆ ಕಣ್ಣುಗಳಲ್ಲಿ ಇದು ಸಂಭವಿಸುತ್ತದೆ. ಮಧುರೆಯ ಅರವಿಂದ ಕಣ್ಣಿನ ಆಸ್ಪತ್ರೆಯ ಸಮೂಹ 20 ಲಕ್ಷ ಶಸ್ತ್ರಚಿಕಿತ್ಸೆಗಳನ್ನು ಪರಿಶೀಲಿಸಿ 2019ರಲ್ಲಿ ಪ್ರಕಟಿಸಿದ ವರದಿ ಗಮನಾರ್ಹ. ಶಸ್ತ್ರಚಿಕಿತ್ಸೆಯ ಕೊನೆಯಲ್ಲಿ ಕಣ್ಣೊಳಗೆ ಮಾಕ್ಸಿಫ್ಲಾಕ್ಸಸಿನ್ ಎಂಬ ಪ್ರತಿಜೀವಕವನ್ನು ಚುಚ್ಚಿದಾಗ ಸೋಂಕಿನ ಪ್ರಮಾಣ 10,000ಕ್ಕೆ 7ರಿಂದ 2ಕ್ಕೆ ಇಳಿಯಿತು. ಚಿಕ್ಕದೆನಿಸುವ ಈ ಕ್ರಮ ಎಷ್ಟೋ ಕಣ್ಣುಗಳನ್ನು ಉಳಿಸಿದೆ. ಶಸ್ತ್ರಚಿಕಿತ್ಸೆಗೆ ಮುನ್ನ ಪೊವಿಡೋನ್ ಅಯೋಡಿನ್ ದ್ರಾವಣವನ್ನು ಕಣ್ಣಿಗೆ ಹಾಕುವುದೂ ಅಷ್ಟೇ ಮುಖ್ಯ.

ಸೋಂಕು ಒಂಟಿಯಾಗಿ ಬಂದರೆ ಅದು ಒಬ್ಬ ರೋಗಿಯ ದುರದೃಷ್ಟ. ಒಂದೇ ದಿನ, ಒಂದೇ ಮೇಜಿನ ಮೇಲೆ ಹಲವರಿಗೆ ಬಂದರೆ ಅದು ವ್ಯವಸ್ಥೆಯ ವೈಫಲ್ಯ. ಕರ್ನಾಟಕ ಇಂತಹದನ್ನು ಕಂಡಿದೆ. 2019ರ ಜುಲೈನಲ್ಲಿ ಬೆಂಗಳೂರಿನ ಮಿಂಟೋ ಕಣ್ಣಿನ ಆಸ್ಪತ್ರೆಯಲ್ಲಿ ಪೊರೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರ ಪೈಕಿ ಇಪ್ಪತ್ತರಷ್ಟು ಮಂದಿಗೆ ತೀವ್ರ ಸೋಂಕು ತಗುಲಿ, ಹಲವರು ಒಂದು ಕಣ್ಣಿನ ದೃಷ್ಟಿಯನ್ನು ಶಾಶ್ವತವಾಗಿ ಕಳೆದುಕೊಂಡರು. ಶಸ್ತ್ರಚಿಕಿತ್ಸೆಯ ವೇಳೆ ಕಣ್ಣೊಳಗೆ ಬಳಸಿದ ಜೆಲ್‌ನ ಮೇಲೆ ಸಂಶಯ ಬಿದ್ದಿತು. ನೊಂದವರ ಪರವಾಗಿ ಅದೇ ವರ್ಷದ ನವೆಂಬರಿನಲ್ಲಿ ನಡೆದ ಪ್ರತಿಭಟನೆಯ ವೇಳೆ ಕಿರಿಯ ವೈದ್ಯರ ಮೇಲೆ ಹಲ್ಲೆ ನಡೆದ ಆರೋಪ ಕೇಳಿಬಂದು, ರಾಜ್ಯದಾದ್ಯಂತ ಹೊರರೋಗಿ ಸೇವೆ ಸ್ಥಗಿತಗೊಂಡಿತು. ಆ ಗದ್ದಲದಲ್ಲಿ ಮೂಲ ಪ್ರಶ್ನೆಯಾದ ಔಷಧ ಪರೀಕ್ಷೆಯ ವಿಚಾರ ಹಿಂದೆ ಸರಿದದ್ದು ವಿಷಾದನೀಯ. ಅದಕ್ಕೂ ಹಿಂದೆ 1986ರ ಏಪ್ರಿಲಿನಲ್ಲಿ ಉತ್ತರ ಪ್ರದೇಶದ ಖುರ್ಜಾ ಎಂಬಲ್ಲಿ ನಡೆದ ಶಿಬಿರದಲ್ಲಿ 88 ಪೊರೆ ಶಸ್ತ್ರಚಿಕಿತ್ಸೆಗಳ ಪೈಕಿ 84 ಮಂದಿಯ ಕಣ್ಣಿಗೆ ಸರಿಪಡಿಸಲಾಗದ ಹಾನಿಯಾಗಿತ್ತು. ಅಲ್ಲಿಯೂ ಬೆರಳು ತೋರಿದ್ದು ಕಣ್ಣಿಗೆ ಬಳಸಿದ ಲವಣದ ದ್ರಾವಣದ ಕಡೆಗೆ. 1989ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಪ್ರಕರಣದಲ್ಲಿ ಪರಿಹಾರ ನೀಡುವಂತೆ ಆದೇಶಿಸಿ, ಶಿಬಿರಗಳ ಮಾರ್ಗಸೂಚಿಯ ಪಾಲನೆಗೆ ಒತ್ತು ನೀಡಿತು.

ಶಿಬಿರಗಳ ಬಗ್ಗೆ ಇಲ್ಲಿ ಒಂದು ಮಾತು ಹೇಳಬೇಕು. ಶಾಲೆಯ ಕೊಠಡಿಗಳಲ್ಲಿ, ಛತ್ರಗಳಲ್ಲಿ ಸಾಲಾಗಿ ಮಲಗಿಸಿ ಪೊರೆ ತೆಗೆಯುತ್ತಿದ್ದ ಕಾಲವೊಂದಿತ್ತು. ಕರ್ನಾಟಕದಲ್ಲಿ ಡಾ. ಎಂ.ಸಿ. ಮೋದಿ ಅವರ ಹೆಸರು ಆ ಕಾಲದೊಂದಿಗೆ ಬೆಸೆದುಕೊಂಡಿದೆ. 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಪಡೆದು 2005ರಲ್ಲಿ ನಿಧನರಾದ ಅವರು ಲಕ್ಷಾಂತರ ಬಡವರಿಗೆ ದೃಷ್ಟಿ ನೀಡಿದರು. ಆ ಕಾಲದ ವಿಧಾನದಲ್ಲಿ ಕೃತಕ ಮಸೂರ ಕೂರಿಸುತ್ತಿರಲಿಲ್ಲ. ದಪ್ಪ ಗಾಜಿನ ಕನ್ನಡಕವೇ ಗತಿಯಾಗಿತ್ತು. ಇಂದಿನ ಪದ್ಧತಿ ಬೇರೆ. ಹಳ್ಳಿಯಲ್ಲಿ ನಡೆಯುವುದು ತಪಾಸಣೆ ಮಾತ್ರ. ಆಯ್ಕೆಯಾದವರನ್ನು ವಾಹನದಲ್ಲಿ ಆಸ್ಪತ್ರೆಗೆ ಕರೆತಂದು ಅಲ್ಲಿನ ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಚಿಕಿತ್ಸೆ ನೀಡಿ ಮರಳಿ ಬಿಡುತ್ತಾರೆ. ಇದರಿಂದ ಸೋಂಕು ಬಹಳ ಕಡಿಮೆಯಾಗಿದೆ. ಆದರೆ ಮರಳಿ ಬಿಟ್ಟ ಮೇಲೆ ರೋಗಿಯ ಕಣ್ಣು ನೋಡುವವರು ಯಾರು ಎಂಬ ಪ್ರಶ್ನೆ ಹಾಗೆಯೇ ಉಳಿದಿದೆ.

ಮನೆಯವರು ಗುರುತಿಸಬೇಕಾದ ಲಕ್ಷಣ ಮುಖ್ಯವಾಗಿ ಒಂದೇ: ಚೆನ್ನಾಗಿ ಕಾಣತೊಡಗಿದ್ದ ಕಣ್ಣು ಮತ್ತೆ ಮಸುಕಾಗುವುದು. ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯ ಮರುದಿನದಿಂದ ದೃಷ್ಟಿ ದಿನೇ ದಿನೇ ಸ್ಪಷ್ಟವಾಗುತ್ತ ಹೋಗಬೇಕು. ಮೂರನೆಯ ದಿನ ಅದು ಹಿಂದಿನ ದಿನಕ್ಕಿಂತ ಕಡಿಮೆಯಾದರೆ, ಕಣ್ಣು ಕೆಂಪೇರುತ್ತಿದ್ದರೆ, ರೆಪ್ಪೆ ಊದಿಕೊಂಡರೆ, ಒಳಗಿನಿಂದ ಮಿಡಿಯುವಂತಹ ನೋವಿದ್ದರೆ ಬೆಳಗಾಗುವವರೆಗೆ ಕಾಯುವಂತಿಲ್ಲ. ನೋವಿಲ್ಲ ಎಂದ ಮಾತ್ರಕ್ಕೆ ಧೈರ್ಯದಿಂದ ಇರುವಂತೆಯೂ ಇಲ್ಲ. ಅಮೆರಿಕದಲ್ಲಿ 1995ರಲ್ಲಿ ಪ್ರಕಟವಾದ ಪ್ರಸಿದ್ಧ ಅಧ್ಯಯನವೊಂದರಲ್ಲಿ ಈ ಸೋಂಕಿಗೆ ತುತ್ತಾದವರ ಪೈಕಿ ಸುಮಾರು ನಾಲ್ಕನೆಯ ಒಂದು ಭಾಗದ ರೋಗಿಗಳಿಗೆ ನೋವೇ ಇರಲಿಲ್ಲ. ಚಿಕಿತ್ಸೆ ಎಂದರೆ ಕಣ್ಣೊಳಗಿನ ದ್ರವದ ಮಾದರಿ ತೆಗೆದು, ಪ್ರತಿಜೀವಕವನ್ನು ನೇರವಾಗಿ ಕಣ್ಣುಗುಡ್ಡೆಯೊಳಗೆ ಚುಚ್ಚುವುದು. ಅಗತ್ಯ ಬಿದ್ದರೆ ಒಳಗಿನ ಕೀವುಗಟ್ಟಿದ ದ್ರವವನ್ನೇ ತೆಗೆಯುವುದು. ಔಷಧ ಅಂಗಡಿಯಿಂದ ತಂದ ಹನಿಯಿಂದ, ಊರಿನ ಡಾಕ್ಟರು ಕೊಟ್ಟ ಮಾತ್ರೆಯಿಂದ ಇದು ವಾಸಿಯಾಗದು. ಕೆಲವು ಬಗೆಯ ಬ್ಯಾಕ್ಟೀರಿಯಾ ಒಂದೆರಡು ದಿನದಲ್ಲಿಯೇ ಅಕ್ಷಿಪಟಲವನ್ನು ಹಾಳುಗೆಡವಬಲ್ಲವು. ಮಲೆನಾಡಿನ ಮಳೆಗಾಲದ ರಾತ್ರಿಯಲ್ಲಿ ಬಸ್ಸು ಸಿಗದು ಎಂಬುದು ನಿಜ. ಆದ್ದರಿಂದಲೇ ಶಸ್ತ್ರಚಿಕಿತ್ಸೆಯ ನಂತರದ ಮೊದಲ ವಾರ ದೂರದ ಹಳ್ಳಿಯವರು ಶಿವಮೊಗ್ಗದಲ್ಲಿಯೋ ಭದ್ರಾವತಿಯಲ್ಲಿಯೋ ಇರುವ ನೆಂಟರ ಮನೆಯಲ್ಲಿ ಉಳಿದುಕೊಳ್ಳುವುದು ಜಾಣತನ.

ಇದನ್ನೇ ಹೋಲುವ ಇನ್ನೊಂದು ಸ್ಥಿತಿ ಸೋಂಕಿಲ್ಲದೆ ಬರುವ ಉರಿಯೂತ. ಉಪಕರಣಗಳಲ್ಲಿ ಉಳಿದ ಮಾರ್ಜಕದ ಅಂಶ ಮುಂತಾದ ರಾಸಾಯನಿಕಗಳಿಂದ ಅದು ಉಂಟಾಗುತ್ತದೆ. 12ರಿಂದ 48 ಗಂಟೆಗಳೊಳಗೆ, ಹೆಚ್ಚು ನೋವಿಲ್ಲದೆ ಕಾಣಿಸಿಕೊಳ್ಳುವ ಇದು ಸ್ಟಿರಾಯ್ಡ್ ಹನಿಗಳಿಗೆ ಬಗ್ಗುತ್ತದೆ. ಆದರೆ ಇದು ಯಾವುದು, ಅದು ಯಾವುದು ಎಂದು ನಿರ್ಧರಿಸಬೇಕಾದವರು ನೇತ್ರತಜ್ಞರೇ.

ಮೇಜಿನ ಮೇಲಿನ ಅಪಾಯಗಳು

ಮಸೂರವು ತೆಳುವಾದ ಚೀಲವೊಂದರೊಳಗೆ ಇರುತ್ತದೆ. ಶಸ್ತ್ರವೈದ್ಯರು ಚೀಲದ ಮುಂಭಾಗವನ್ನು ದುಂಡಗೆ ತೆರೆದು ಒಳಗಿನ ತಿರುಳನ್ನು ತೆಗೆದು, ಅದೇ ಚೀಲದೊಳಗೆ ಕೃತಕ ಮಸೂರವನ್ನು ಇರಿಸುತ್ತಾರೆ. ಚೀಲದ ಹಿಂಪದರ ಕೂದಲಿಗಿಂತಲೂ ತೆಳುವಾದದ್ದು. ಅದು ಹರಿಯುವುದೇ ಈ ಶಸ್ತ್ರಚಿಕಿತ್ಸೆಯ ವೇಳೆ ವೈದ್ಯರು ಅತ್ಯಂತ ಹೆಚ್ಚು ಅಂಜುವ ಘಟನೆ. ಅನುಭವಿಗಳ ಕೈಯಲ್ಲಿಯೂ ನೂರಕ್ಕೆ ಒಂದೆರಡು ಕಣ್ಣುಗಳಲ್ಲಿ ಹೀಗಾಗುವುದುಂಟು. ಹರಿದಾಗ ಹಿಂದಿನ ಲೋಳೆ ಮುಂದಕ್ಕೆ ನುಗ್ಗಬಹುದು; ಪೊರೆಯ ಚೂರು ಕಣ್ಣಿನ ತಳಕ್ಕೆ ಬೀಳಬಹುದು. ಸರಿಯಾಗಿ ನಿಭಾಯಿಸಿದರೆ ಬಹುತೇಕ ರೋಗಿಗಳಿಗೆ ಉತ್ತಮ ದೃಷ್ಟಿಯೇ ಬರುತ್ತದೆ. ಆದರೆ ಸೋಂಕು, ಅಕ್ಷಿಪಟಲ ಕಳಚುವಿಕೆ ಇವೆರಡರ ಸಾಧ್ಯತೆಯೂ ಅಂತಹ ಕಣ್ಣಿನಲ್ಲಿ ಏರುತ್ತದೆ. ಎರಡನೆಯ ಶಸ್ತ್ರಚಿಕಿತ್ಸೆಯೂ ಬೇಕಾದೀತು. ಹೀಗಾಗಿದ್ದರೆ ರೋಗಿಗೆ ಅದನ್ನು ಹೇಳಿ, ಚೀಟಿಯಲ್ಲಿ ಬರೆದು ಕೊಡುವುದು ವೈದ್ಯರ ಕರ್ತವ್ಯ. ಕೇಳಿ ತಿಳಿಯುವುದು ರೋಗಿಯ ಹಕ್ಕು.

ಪೊರೆ ಹಣ್ಣಾಗಲಿ ಎಂದು ಕಾಯುವ ಅಭ್ಯಾಸ ಈ ಅಪಾಯಗಳನ್ನು ಹೆಚ್ಚಿಸುತ್ತದೆ. ಹಳೆಯ ವಿಧಾನದ ಕಾಲದಲ್ಲಿ ಆ ಮಾತಿಗೆ ಅರ್ಥವಿತ್ತು. ಇಂದು ಅದು ತಿರುಗಿ ಬಡಿಯುತ್ತದೆ. ಹಣ್ಣಾದ ಪೊರೆ ಕಂದು ಬಣ್ಣಕ್ಕೆ ತಿರುಗಿ ಕಲ್ಲಿನಂತೆ ಗಟ್ಟಿಯಾಗುತ್ತದೆ. ಫೇಕೋ ಯಂತ್ರದ ಶ್ರವಣಾತೀತ ಕಂಪನವನ್ನು ಹೆಚ್ಚು ಹೊತ್ತು ಬಳಸಬೇಕಾಗುತ್ತದೆ. ಅದರ ಪೆಟ್ಟು ಬೀಳುವುದು ಕಾರ್ನಿಯಾದ ಒಳಪದರದ ಜೀವಕೋಶಗಳ ಮೇಲೆ. ಒಮ್ಮೆ ಸತ್ತ ಆ ಕೋಶಗಳು ಮತ್ತೆ ಹುಟ್ಟುವುದಿಲ್ಲ. ಅವು ತೀರ ಕಡಿಮೆಯಾದರೆ ಕಾರ್ನಿಯಾ ನೀರು ತುಂಬಿ ಬೆಳ್ಳಗಾಗುತ್ತದೆ. ಇಂತಹ ಗಟ್ಟಿ ಪೊರೆಗಳಿಗೆ ಚಿಕ್ಕ ಗಾಯದ ಮೂಲಕ ಕೈಯಿಂದಲೇ ತೆಗೆಯುವ ವಿಧಾನ ಹೆಚ್ಚು ಸೂಕ್ತವಾಗಿದ್ದು, ಅದರಲ್ಲಿ ಭಾರತದ ವೈದ್ಯರು ನಿಪುಣರು. ಯಂತ್ರವಿಲ್ಲದ ಆಪರೇಷನ್ ಕೀಳು ಎಂಬ ಭಾವನೆಗೆ ಆಧಾರವಿಲ್ಲ. ಇನ್ನೂ ಕಾಯುತ್ತ ಹೋದರೆ ಪೊರೆ ಒಳಗೇ ಸೋರಿ ಕಣ್ಣಿನ ಒತ್ತಡವನ್ನು ಏರಿಸಿ, ಸಹಿಸಲಾಗದ ನೋವಿನೊಂದಿಗೆ ದೃಷ್ಟಿನರವನ್ನು ನಾಶಮಾಡಬಹುದು.

ಅರಿವಳಿಕೆಯ ಅಪಾಯ ಸಣ್ಣದು. ಕಣ್ಣಿನ ಸುತ್ತ ಚುಚ್ಚುಮದ್ದು ಕೊಡುವಾಗ ರಕ್ತಸ್ರಾವವಾಗಿ ಶಸ್ತ್ರಚಿಕಿತ್ಸೆ ಮುಂದೂಡಬೇಕಾಗಬಹುದು. ಸಮೀಪದೃಷ್ಟಿಯವರ ಉದ್ದನೆಯ ಕಣ್ಣುಗುಡ್ಡೆಗೆ ಸೂಜಿ ತಾಗುವ ಸಾಧ್ಯತೆ ತೀರ ವಿರಳವಾಗಿ ಇದೆ. ಹನಿ ಹಾಕಿಯೇ ಮಾಡುವ ವಿಧಾನದಲ್ಲಿ ಇದಿಲ್ಲ.

ವೈದ್ಯರಿಗೆ ಮೊದಲೇ ಹೇಳಬೇಕಾದ ಸಂಗತಿಗಳು

ಪುರುಷರಿಗೆ ಪ್ರಾಸ್ಟೇಟ್ ತೊಂದರೆಗೆ ಕೊಡುವ ಟ್ಯಾಮ್ಸುಲೋಸಿನ್ ಮಾತ್ರೆಗೂ ಕಣ್ಣಿಗೂ ಏನು ಸಂಬಂಧ ಎಂದು ಯಾರಿಗಾದರೂ ಅನಿಸೀತು. ಆ ಮಾತ್ರೆ ಕಣ್ಣಿನ ಐರಿಸ್‌ನ ಸ್ನಾಯುವನ್ನು ಸಡಿಲಗೊಳಿಸುತ್ತದೆ. ಶಸ್ತ್ರಚಿಕಿತ್ಸೆಯ ನಡುವೆ ಪಾಪೆ ಕುಗ್ಗಿ, ಐರಿಸ್ ಬಟ್ಟೆಯಂತೆ ಅಲೆಯಾಡತೊಡಗುತ್ತದೆ. 2005ರಲ್ಲಿ ಇದನ್ನು ಮೊದಲು ವರದಿ ಮಾಡಿದ ಅಮೆರಿಕದ ವೈದ್ಯರು ಮಾತ್ರೆಯನ್ನು ನಿಲ್ಲಿಸಿದ ಮೇಲೂ ಪರಿಣಾಮ ಉಳಿಯುವುದನ್ನು ಗಮನಿಸಿದರು. ಮುಂಚಿತವಾಗಿ ಗೊತ್ತಿದ್ದರೆ ವೈದ್ಯರು ಸಿದ್ಧತೆ ಮಾಡಿಕೊಳ್ಳಬಲ್ಲರು. ಸಂಕೋಚದಿಂದ ಮುಚ್ಚಿಡುವ ಈ ಒಂದು ವಿಷಯ ಕಣ್ಣಿಗೆ ಕುತ್ತಾಗಬಹುದು. ರಕ್ತ ತೆಳುವಾಗಿಸುವ ಮಾತ್ರೆಗಳ ವಿಷಯವೂ ಹೀಗೆಯೇ: ಹೇಳಬೇಕು, ಆದರೆ ಹೃದಯದ ವೈದ್ಯರನ್ನು ಕೇಳದೆ ತಾವಾಗಿಯೇ ನಿಲ್ಲಿಸಬಾರದು.

ಮಧುಮೇಹ ಇರುವವರಲ್ಲಿ ಸೋಂಕಿನ ಸಾಧ್ಯತೆ ಹೆಚ್ಚು. ಅಕ್ಷಿಪಟಲದ ನಡುಭಾಗ ಊದಿಕೊಳ್ಳುವುದೂ ಹೆಚ್ಚು. ಪೊರೆಯ ಹಿಂದೆ ಸಕ್ಕರೆ ಕಾಯಿಲೆಯಿಂದ ಹಾಳಾದ ಅಕ್ಷಿಪಟಲ ಅಡಗಿದ್ದರೆ ಶಸ್ತ್ರಚಿಕಿತ್ಸೆ ನಿರ್ದೋಷವಾಗಿ ನಡೆದರೂ ದೃಷ್ಟಿ ಬಾರದು. ಇದು ತೊಡಕಲ್ಲ, ಮೊದಲೇ ಇದ್ದ ರೋಗ. ಆದರೂ ಮೊದಲು ತಿಳಿಸಿರದಿದ್ದರೆ ಮನೆಯವರ ಕಣ್ಣಿಗೆ ಅದು ವೈದ್ಯರ ತಪ್ಪಾಗಿಯೇ ಕಾಣುತ್ತದೆ.

ಭದ್ರಾವತಿಯವರು ವೈದ್ಯರಿಗೆ ಹೇಳಬೇಕಾದ ಇನ್ನೊಂದು ಸಂಗತಿ ಇದೆ. 1923ರಲ್ಲಿ ಉತ್ಪಾದನೆ ಆರಂಭಿಸಿದ ಇಲ್ಲಿನ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಯಲ್ಲಿ ತಲೆಮಾರುಗಳ ಕಾಲ ಜನ ದುಡಿದಿದ್ದಾರೆ. ಕಾದ ಲೋಹದಿಂದ, ಕರಗಿದ ಗಾಜಿನಿಂದ ಹೊಮ್ಮುವ ಅವಕೆಂಪು ಕಿರಣಗಳು ವರ್ಷಗಟ್ಟಲೆ ಕಣ್ಣಿಗೆ ತಾಗಿದರೆ ಪೊರೆ ಬೆಳೆಯುತ್ತದೆ ಎಂಬುದು ಗಾಜು ಊದುವವರಲ್ಲಿಯೂ ಕುಲುಮೆಯ ಕಾರ್ಮಿಕರಲ್ಲಿಯೂ ಬಹಳ ಹಿಂದೆಯೇ ಕಂಡುಬಂದ ಸತ್ಯ. ಭಾರತದ ಕಾರ್ಮಿಕ ಪರಿಹಾರ ಕಾಯ್ದೆಯ ಮೂರನೆಯ ಅನುಸೂಚಿಯಲ್ಲಿ ಅವಕೆಂಪು ಕಿರಣಗಳಿಂದಾದ ಪೊರೆ ವೃತ್ತಿಜನ್ಯ ರೋಗವೆಂದು ಸೇರಿತ್ತು. ಈ ಬಗೆಯ ಕಣ್ಣಿನಲ್ಲಿ ಮಸೂರದ ಚೀಲದ ಮುಂಪದರ ಈರುಳ್ಳಿ ಸಿಪ್ಪೆಯಂತೆ ಎರಡಾಗಿ ಬಿಡಿಸಿಕೊಂಡಿರುವುದುಂಟು. ಚೀಲವನ್ನು ತೆರೆಯುವಾಗ ಅದು ವೈದ್ಯರನ್ನು ಗಲಿಬಿಲಿಗೊಳಿಸಬಲ್ಲದು. ಕುಲುಮೆಯ ಬಳಿ ಎಷ್ಟು ವರ್ಷ ಕೆಲಸ ಮಾಡಿದ್ದೆ ಎಂಬ ಒಂದು ಮಾತು ತಪಾಸಣೆಯ ವೇಳೆ ಉಪಯೋಗಕ್ಕೆ ಬರುತ್ತದೆ.

ವಾರಗಳ, ವರ್ಷಗಳ ನಂತರ

ನಾಲ್ಕರಿಂದ ಆರು ವಾರಗಳ ಸುಮಾರಿಗೆ ಅಕ್ಷಿಪಟಲದ ನಡುಭಾಗದಲ್ಲಿ ಊತ ಬಂದು ಓದು ಮಸುಕಾಗುವುದುಂಟು. ಬಹುಪಾಲು ಹನಿಗಳಿಂದ ಗುಣವಾಗುತ್ತದೆ. ಸ್ಟಿರಾಯ್ಡ್ ಹನಿಗಳನ್ನು ವೈದ್ಯರು ಹೇಳಿದ ಕ್ರಮದಲ್ಲಿ ಇಳಿಸುತ್ತ ನಿಲ್ಲಿಸಬೇಕು. ಅರ್ಧಕ್ಕೆ ಬಿಟ್ಟರೆ ಉರಿಯೂತ ಮರಳುತ್ತದೆ. ಚೆನ್ನಾಗಿದೆ ಎಂದು ತಿಂಗಳುಗಟ್ಟಲೆ ಮುಂದುವರಿಸಿದರೆ ಕಣ್ಣಿನ ಒತ್ತಡ ಸದ್ದಿಲ್ಲದೆ ಏರಿ ಗ್ಲಾಕೋಮಾ ಬರಬಹುದು. ಹಳೆಯ ಬಾಟಲಿಯನ್ನು ಮನೆಯ ಇನ್ನೊಬ್ಬರ ಕೆಂಗಣ್ಣಿಗೆ ಹಾಕುವ ಪರಿಪಾಠವಂತೂ ಎರಡು ಬಗೆಯಲ್ಲಿ ಅಪಾಯಕರ.

ಕೆಲವು ತಿಂಗಳು ಅಥವಾ ವರ್ಷಗಳ ನಂತರ ಪೊರೆ ಮತ್ತೆ ಬಂದಿದೆ ಎಂದು ಹಲವರು ಹೇಳುತ್ತಾರೆ. ತೆಗೆದ ಪೊರೆ ಮತ್ತೆ ಬರುವುದಿಲ್ಲ. ಉಳಿಸಿದ ಚೀಲದ ಹಿಂಪದರ ಮಂಜಾಗುತ್ತದೆ, ಅಷ್ಟೇ. ತೊಡಕುಗಳಲ್ಲೆಲ್ಲ ಅತಿ ಸಾಮಾನ್ಯವಾದ ಇದನ್ನು ಯಾಗ್ ಲೇಸರ್ ಕಿರಣದಿಂದ ಕೆಲವೇ ನಿಮಿಷಗಳಲ್ಲಿ, ಗಾಯವಿಲ್ಲದೆ ಸರಿಪಡಿಸಬಹುದು.

ಅಕ್ಷಿಪಟಲ ಕಳಚುವುದು ವಿರಳ. ಆದರೆ ಹೆಚ್ಚು ಸಮೀಪದೃಷ್ಟಿ ಇರುವವರಲ್ಲಿ, ಅದರಲ್ಲೂ ಚಿಕ್ಕ ವಯಸ್ಸಿನ ಪುರುಷರಲ್ಲಿ ಅದರ ಸಂಭವ ಹೆಚ್ಚು. ಕಣ್ಣೆದುರು ಮಿಂಚು ಹೊಳೆದಂತೆ, ಮಸಿ ಚೆಲ್ಲಿದಂತೆ, ಒಂದು ಬದಿಯಿಂದ ಪರದೆ ಇಳಿದಂತೆ ಕಂಡರೆ ಅದು ಅದರ ಸೂಚನೆ. ಶಸ್ತ್ರಚಿಕಿತ್ಸೆಯಾಗಿ ವರ್ಷಗಳಾಗಿದ್ದರೂ ಆ ದಿನವೇ ತೋರಿಸಬೇಕು.

ಮನೆಯ ಆರೈಕೆಯಲ್ಲಿ ಮಲೆನಾಡಿನ ರೂಢಿಗಳು ಕೆಲವು ಅಡ್ಡಬರುತ್ತವೆ. ಎದೆಹಾಲು, ಜೇನು, ನಂದಿಬಟ್ಟಲು ಹೂವಿನ ರಸ ಯಾವುದನ್ನೂ ಗಾಯವಿರುವ ಕಣ್ಣಿಗೆ ಹಾಕಬಾರದು. ತಲೆಗೆ ನೀರು ಹಾಕಿಕೊಳ್ಳುವುದನ್ನು ವೈದ್ಯರು ಹೇಳುವವರೆಗೆ ಬಿಡಬೇಕು; ಕೂಡಲಿಯ ಸಂಗಮದಲ್ಲಿ ಮುಳುಗು ಹಾಕುವ ಹರಕೆಯನ್ನು ಕನಿಷ್ಠ ಒಂದು ತಿಂಗಳು ಮುಂದಕ್ಕೆ ಹಾಕಿದರೆ ದೋಷವಿಲ್ಲ. ಅಡಿಕೆ ಸುಲಿತದ, ಬೇಯಿಸುವ ಹಂಡೆಯ ಹೊಗೆಯ ಕೆಲಸಕ್ಕೂ, ಭತ್ತ ಒಕ್ಕುವ ಕಣಕ್ಕೂ ರೋಗಿಯನ್ನು ಬೇಗನೆ ಕಳಿಸಬಾರದು. ಸಸ್ಯದ ಧೂಳಿನೊಂದಿಗೆ ಬರುವ ಶಿಲೀಂಧ್ರದ ಹುಣ್ಣು ಕಾರ್ನಿಯಾಕ್ಕೆ ಬ್ಯಾಕ್ಟೀರಿಯಾದ ಹುಣ್ಣಿಗಿಂತಲೂ ಹಠಮಾರಿ. ಹನಿ ಹಾಕುವ ಮುನ್ನ ಕೈಯನ್ನು ಸಾಬೂನಿನಿಂದ ತೊಳೆಯುವುದು, ಬಾಟಲಿಯ ತುದಿ ರೆಪ್ಪೆಗೆ ತಾಗದಂತೆ ನೋಡಿಕೊಳ್ಳುವುದು, ರಾತ್ರಿ ಕಣ್ಣುಜ್ಜಿಕೊಳ್ಳದಂತೆ ರಕ್ಷಾಕವಚ ಕಟ್ಟಿ ಮಲಗುವುದು ಇವು ದುಬಾರಿಯಲ್ಲ.

ಎರಡೂ ಕಣ್ಣಿಗೆ ಪೊರೆ ಇದ್ದರೆ ಸಾಮಾನ್ಯವಾಗಿ ಒಂದು ಕಣ್ಣು ಸಂಪೂರ್ಣ ವಾಸಿಯಾದ ಮೇಲೆ ಇನ್ನೊಂದನ್ನು ಮಾಡುತ್ತಾರೆ. ಒಂದು ವೇಳೆ ಸೋಂಕಾದರೆ ಎರಡನ್ನೂ ಕಳೆದುಕೊಳ್ಳುವಂತಾಗಬಾರದು ಎಂಬುದು ಅದರ ಹಿಂದಿನ ಎಚ್ಚರ. ಮೊದಲ ಕಣ್ಣಿನಲ್ಲಿ ತೊಡಕಾಗಿದ್ದರೆ ಎರಡನೆಯದರ ವೇಳೆ ವೈದ್ಯರಿಗೆ ಅದನ್ನು ತಪ್ಪದೆ ತಿಳಿಸಬೇಕು. ವೈದ್ಯರು ಬೇರೆಯವರಾಗಿದ್ದರಂತೂ ಇನ್ನೂ ಮುಖ್ಯ.

ತೊಡಕಾದುದೆಲ್ಲ ವೈದ್ಯಕೀಯ ನಿರ್ಲಕ್ಷ್ಯವಲ್ಲ ಎಂಬುದನ್ನು ನ್ಯಾಯಾಲಯಗಳು ಮತ್ತೆ ಮತ್ತೆ ಹೇಳಿವೆ. ಆದರೆ ಅಪಾಯಗಳನ್ನು ವಿವರಿಸದೆ ಪಡೆದ ಸಹಿಗೆ ಬೆಲೆಯಿಲ್ಲ ಎಂಬುದೂ 2008ರ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಿಂದ ಸ್ಪಷ್ಟವಾಗಿದೆ. 1995ರ ತೀರ್ಪಿನ ಪ್ರಕಾರ ಹಣ ಪಡೆದು ಚಿಕಿತ್ಸೆ ನೀಡುವ ಆಸ್ಪತ್ರೆ ಕೆಲವರಿಗೆ ಉಚಿತವಾಗಿ ಮಾಡಿದ್ದರೆ ಆ ಉಚಿತ ರೋಗಿಗಳೂ ಗ್ರಾಹಕರೇ. ಎಲ್ಲರಿಗೂ ಸಂಪೂರ್ಣ ಉಚಿತವಾಗಿ ನೀಡುವ ಆಸ್ಪತ್ರೆಯ ರೋಗಿಗಳು ಗ್ರಾಹಕ ಆಯೋಗಕ್ಕೆ ಹೋಗಲಾಗದು. ಅವರಿಗೆ ಸಿವಿಲ್ ನ್ಯಾಯಾಲಯದ ದಾರಿ ಇದೆ. ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು. ಯಾವ ದಾರಿ ಹಿಡಿದರೂ ಕೇಳುವುದು ದಾಖಲೆಯನ್ನೇ. ಬಿಡುಗಡೆಯ ಚೀಟಿ, ಔಷಧದ ರಸೀದಿ, ಕೃತಕ ಮಸೂರದ ಶಕ್ತಿ ಮತ್ತು ಕ್ರಮಸಂಖ್ಯೆ ಇರುವ ಸಣ್ಣ ಅಂಟುಚೀಟಿ ಇವುಗಳನ್ನು ಪಡಿತರ ಚೀಟಿಯೊಂದಿಗೆ ಕಾಪಾಡಿಟ್ಟುಕೊಳ್ಳಬೇಕು. ಹತ್ತು ವರ್ಷಗಳ ನಂತರ ಕಣ್ಣಿನ ಮಸೂರ ಜಾರಿದರೂ ಮೊದಲು ನೋಡುವ ವೈದ್ಯರು ಕೇಳುವುದು ಆ ಅಂಟುಚೀಟಿಯನ್ನು.